ಟೇಪಕ್ಕ ಮಿಗಿಸಿದ ಹೊತ್ತು

ಟೇಪಕ್ಕನದು ಮೂಗಿನ ತುದಿಯ ಸಿಟ್ಟಲ್ಲ. ಅಂಥ ಸಿಟ್ಟು ಸೀನಿದ ಹಾಗೆ, ಬಂದು ಹೋಗಿಬಿಡುತ್ತದೆ. ಇವಳ ಸಿಟ್ಟು ದಪ್ಪ ತಳದ ಪಾತ್ರೆಯ ಹಾಗೆ, ಕಾಯುವುದು ತಡ, ಆರುವುದು ಇನ್ನೂ ತಡ. ಇದು ಅವಳ ಗಂಡನ ಮಾತು. ಇಪ್ಪತ್ತು ವರ್ಷ ಆ ಪಾತ್ರೆಯ ಪಕ್ಕದಲ್ಲೇ ಕೂತವನಾದ್ದರಿಂದ ನಂಬಬಹುದು.

ಅವಳ ಅಪ್ಪ ಎರಡು ಕಹಳೆ ಸ್ಪೀಕರು, ಒಂದು ಮೈಕು ಇಟ್ಟುಕೊಂಡು ಶುರುಮಾಡಿದ ಸೌಂಡಿನ ಅಂಗಡಿ ಅದು. ಅಪ್ಪ ತೀರಿಕೊಂಡ ಮೇಲೆ ಅವಳ ತಮ್ಮ ಧ್ವನಿ ಹದಮಾಡುವ ಮಿಕ್ಸರಿನ ಮುಂದೆ ಕೂತ. ಅಕ್ಕ ವೈರುಗಳ ಹಿಂದೆ ನಿಂತಳು. ಅಕ್ಕನ ಗಂಡ ಲಾರಿಯ ಸ್ಟೇರಿಂಗ್ ಹಿಡಿದ. ತಮ್ಮನ ಕಿವಿ ಬಲು ಸೂಕ್ಷ್ಮ, ಅದರಲ್ಲಿ ಎರಡು ಮಾತಿಲ್ಲ. ಸಾವಿರ ಜನ ಕೂತ ಸಭಾಂಗಣದಲ್ಲಿ ಯಾವ ಮೈಕು ಕೂಗಲಿದೆ ಎಂಬುದು ಅದು ಕೂಗುವ ಮೊದಲೇ ಅವನಿಗೆ ಗೊತ್ತಾಗುತ್ತಿತ್ತು. ಪಕ್ಕದಲ್ಲಿ ನಿಂತ ಮನುಷ್ಯ ಹೇಳಿದ್ದು ಮಾತ್ರ ಮೂರು ಸಲ ಹೇಳಿದರೂ ಆ ಕಿವಿಗೆ ಇಳಿಯುತ್ತಿರಲಿಲ್ಲ.

ಅಕ್ಕನಿಗೆ ಟೇಪಕ್ಕ ಎಂಬ ಹೆಸರು ಬಂದದ್ದು ಆಮೇಲೆ. ಅದಕ್ಕೆ ಕಾರಣ ಒಂದು ಕಾಲೇಜಿನ ಸಮಾರಂಭ.

ಆಗ ಇವರ ಸಾಮಾನು ಜೋಡಿಸುವುದೆಂದರೆ ಬೆಂಕಿ ಬಿದ್ದ ಮನೆಯಿಂದ ಸಾಮಾನು ಸಾಗಿಸಿದ ಹಾಗೆ. ಲಾರಿಗೆ ಕೈಗೆ ಸಿಕ್ಕಿದ್ದು ಮೊದಲು. ಇಳಿಸುವಾಗ ಬೇಕಾದದ್ದು ಯಾವಾಗಲೂ ಎಲ್ಲಕ್ಕಿಂತ ಅಡಿಯಲ್ಲಿ. ವೈರುಗಳು ಒಂದು ದೊಡ್ಡ ಪೆಟ್ಟಿಗೆಯಲ್ಲಿ ಹಾವಿನ ಹುತ್ತದಂತೆ ಸುತ್ತಿಕೊಂಡಿರುತ್ತಿದ್ದವು. ಒಂದನ್ನು ಎಳೆದರೆ ಒಂಬತ್ತು ಬರುತ್ತಿದ್ದವು. ವೇದಿಕೆ ಸಿದ್ಧವಾಗಲು ಮೂರೂವರೆ ಗಂಟೆ, ಬಿಚ್ಚಿ ತುಂಬಲು ಎರಡೂವರೆ ಗಂಟೆ. ಆ ದಿನ ಕಾಲೇಜಿನಲ್ಲಿ ಮುಖ್ಯ ಅತಿಥಿ ಎದ್ದು ನಿಂತು ಮೈಕಿನ ಮುಂದೆ ಬಾಯಿ ತೆರೆದರು, ಧ್ವನಿ ಬರಲಿಲ್ಲ. ವೈರು ಕೆಟ್ಟಿತ್ತು. ಬದಲಿ ವೈರು ಲಾರಿಯಲ್ಲಿತ್ತು, ಲಾರಿಯ ಎಲ್ಲೋ ಒಂದು ಕಡೆ.

ಗೂಟಣ್ಣ ಆಗಷ್ಟೇ ಪರದೆಯ ಹಿಂದೆ ತಟ್ಟೆ ಹಿಡಿದು ನಿಂತಿದ್ದ. ಅವನು ಅಪ್ಪನ ಕಾಲದಿಂದ ಪೆಟ್ಟಿಗೆ ಹೊರುತ್ತಿದ್ದವನು. ಎಲ್ಲಿ ನಿಲ್ಲಿಸಿದರೆ ಅಲ್ಲೇ ನಿಂತು ಹೇಳಿದ ಕೆಲಸ ಮುಗಿಸುತ್ತಿದ್ದನಾದ್ದರಿಂದ ಅಪ್ಪನೇ ಇಟ್ಟ ಹೆಸರು ಅದು. ಊಟವನ್ನೂ ನಿಂತೇ ಮಾಡುತ್ತಿದ್ದ. ಈ ಕಸುಬಿನಲ್ಲಿ ಕೂತು ಉಂಡವರಿಲ್ಲ. ಮುಂದಿನ ಸಾಲಿನವರಿಗೆಲ್ಲ ಕೇಳುವಂತೆ ತಮ್ಮ ಅವನ ಮೇಲೆ ಹಾರಿಬಿದ್ದ. ಗೂಟಣ್ಣ ತಟ್ಟೆಯನ್ನು ಸ್ಪೀಕರಿನ ಮೇಲಿಟ್ಟು ಓಡಿದ. ಹಿಂತಿರುಗಿ ಬರುವಷ್ಟರಲ್ಲಿ ತಟ್ಟೆ ಕೆಳಗೆ ಬಿದ್ದಿತ್ತು, ಅನ್ನದ ಮೇಲೆ ಯಾರದೋ ಬೂಟಿನ ಗುರುತು ಇತ್ತು. ಅವನು ಬಗ್ಗಿ ಅನ್ನವನ್ನು ಬಳಿದು ತೆಗೆದ. ಅಕ್ಕ ಅದನ್ನು ನೋಡಿದಳು. ಪಾತ್ರೆ ಕಾಯಲು ಶುರುವಾದದ್ದು ಅಲ್ಲಿಂದ.

ಮರುದಿನ ಬೆಳಿಗ್ಗೆ ಅವಳು ತಮ್ಮನಿಗೆ ಆರು ವಾರ ಗೋಡೌನು ನನಗೆ ಬಿಟ್ಟುಕೊಡು ಎಂದಳು. ಸಾಮಾನು ಜೋಡಿಸುವ ಕೆಲಸವನ್ನು ಅರ್ಧಕ್ಕಿಂತ ಕಡಿಮೆ ಹೊತ್ತಿಗೆ ಇಳಿಸುತ್ತೇನೆ, ಆದರೆ ಒಂದು ಷರತ್ತು: ಮಿಗುವ ಹೊತ್ತು ಕೆಲಸದವರದು. ಅವರು ಕೂತು ಉಣ್ಣಬೇಕು, ಬೆನ್ನು ನೆಟ್ಟಗೆ ಮಾಡಬೇಕು, ಎಲ್ಲವನ್ನೂ ಒಂದು ಸಲ ಸಾವಕಾಶವಾಗಿ ಪರೀಕ್ಷೆ ಮಾಡಬೇಕು. ತಮ್ಮ ಫೋನು ನೋಡುತ್ತಲೇ ಆಯ್ತಕ್ಕ ಅಂದ. ಆ "ಆಯ್ತಕ್ಕ"ವನ್ನು ಅವಳು ಗಂಟು ಹಾಕಿ ಇಟ್ಟುಕೊಂಡಳು. ಅದರೊಳಗೆ ಏನೂ ಇರಲಿಲ್ಲ ಎಂಬುದು ಗೊತ್ತಾಗಲು ವರ್ಷ ಹಿಡಿಯಿತು.

ಮೊದಲ ವಾರ ಅವಳು ಗೋಡೌನಿನಲ್ಲಿದ್ದ ಪ್ರತಿಯೊಂದನ್ನೂ ನೆಲಕ್ಕೆ ಸುರಿದಳು. ನಡೆಯಲು ಜಾಗವಿರಲಿಲ್ಲ. ನೂರಾ ನಲವತ್ತು ವೈರುಗಳಲ್ಲಿ ಐವತ್ತಮೂರು ಸತ್ತಿದ್ದವು. ಸತ್ತದ್ದನ್ನೂ ಬದುಕಿದ್ದನ್ನೂ ಇಷ್ಟು ವರ್ಷ ಒಟ್ಟಿಗೆ ಹೊತ್ತು ತಿರುಗಿದ್ದರು. ಬದುಕಿದ್ದವುಗಳನ್ನು ಉದ್ದದ ಪ್ರಕಾರ ವಿಂಗಡಿಸಿ, ತಿರುಚಿಕೊಳ್ಳದಂತೆ ಒಂದು ಸುತ್ತು ಮೇಲೆ ಒಂದು ಸುತ್ತು ಕೆಳಗೆ ಸುರುಳಿ ಸುತ್ತಿ, ಪ್ರತಿಯೊಂದಕ್ಕೂ ಪಟ್ಟಿ ಕಟ್ಟಿದಳು. ವೇದಿಕೆಯ ಎಡಗಡೆಗೆ ಹೋಗುವುದಕ್ಕೆಲ್ಲ ಕೆಂಪು ಟೇಪು, ಬಲಗಡೆಗೆ ನೀಲಿ, ಹಾಡುವವರ ಎದುರಿನ ಸ್ಪೀಕರಿಗೆ ಹಳದಿ, ಕರೆಂಟಿಗೆ ಹಸಿರು. ವೈರಿನ ಎರಡು ತುದಿಗೂ ಬಣ್ಣ, ಅದು ಸೇರುವ ತೂತಿಗೂ ಅದೇ ಬಣ್ಣ. ಬೇರೆಯವರ ಕೈಯಲ್ಲಿ ಬಳೆ ಇರುವ ಹಾಗೆ ಇವಳ ಮುಂಗೈಯಲ್ಲಿ ನಾಲ್ಕು ಬಣ್ಣದ ಟೇಪಿನ ಸುರುಳಿಗಳು. ಹೆಸರು ಬಂದದ್ದು ಹೀಗೆ.

ಪ್ರತಿ ಸಲ ಬಿಚ್ಚಿ ಪ್ರತಿ ಸಲ ಸೇರಿಸುತ್ತಿದ್ದ, ಸದ್ದು ಹೆಚ್ಚಿಸುವ ಆಂಪ್ಲಿಗಳನ್ನು ಚಕ್ರವಿದ್ದ ಒಂದೇ ಬೀರುವಿಗೆ ಕೂರಿಸಿ, ಒಳಗಿನ ವೈರುಗಳನ್ನು ಶಾಶ್ವತವಾಗಿ ಜೋಡಿಸಿಬಿಟ್ಟಳು. ಇನ್ನು ಹೊರಗಿನಿಂದ ಎಂಟು ವೈರು ಸಿಕ್ಕಿಸಿದರೆ ಕೆಲಸ ಮುಗಿಯಿತು. ಲಾರಿಯ ನೆಲಕ್ಕೆ ಸುಣ್ಣದಲ್ಲಿ ಚೌಕ ಎಳೆದು, ಕೊನೆಗೆ ಬೇಕಾಗುವ ಪೆಟ್ಟಿಗೆ ಮೊದಲು ಏರುವಂತೆ, ಮೊದಲು ಬೇಕಾಗುವುದು ಬಾಗಿಲ ಬಳಿ ನಿಲ್ಲುವಂತೆ ಜಾಗ ಗೊತ್ತುಮಾಡಿದಳು. ಗೂಟಣ್ಣನಿಗೆ ಓದು ಬರುತ್ತಿರಲಿಲ್ಲವಾದ್ದರಿಂದ ಪ್ರತಿ ಪೆಟ್ಟಿಗೆಯ ಮುಚ್ಚಳದ ಒಳಗೆ ಅಕ್ಷರದ ಬದಲು ಚಿತ್ರ ಬರೆದಳು: ಒಳಗೆ ಏನೇನಿದೆ, ಎಲ್ಲಿ ಹೋಗಬೇಕು, ಎತ್ತಲು ಎಷ್ಟು ಜನ ಬೇಕು. ಅವಳ ಮನುಷ್ಯರು ಬೆಂಕಿಕಡ್ಡಿಗಳಂತೆ ಇದ್ದರು. ಅದರಲ್ಲಿ ಒಂದು ಕಡ್ಡಿಗೆ ಹೊಟ್ಟೆ ಇದೆಯಲ್ಲ, ಅದು ನಾನೇನಾ ಎಂದು ಗಂಡ ಕೇಳಿದ.

ಮನೆಯ ಅಡುಗೆಕೋಣೆಯ ಗಡಿಯಾರ ತಂದು ಗೋಡೌನಿನ ಗೋಡೆಗೆ ಹಾಕಿ, ಕಟ್ಟುವುದು ಬಿಚ್ಚುವುದು ಎರಡನ್ನೂ ಹನ್ನೊಂದು ಸಲ ಅಭ್ಯಾಸ ಮಾಡಿಸಿದಳು. ಆಗ ಒಟ್ಟು ಆರು ಜನ ಕೆಲಸದವರಿದ್ದರು. ಅವರು ಮೊದಲು ನಕ್ಕರು, ಆಮೇಲೆ ಬೈದರು, ಕೊನೆಗೆ ತಾವೇ ಪಂಥ ಕಟ್ಟಿ ಓಡಿದರು.

ಮೊದಲ ನಿಜವಾದ ಕಾರ್ಯಕ್ರಮದಲ್ಲಿ ತೊಂಬತ್ತು ನಿಮಿಷಕ್ಕೆ ವೇದಿಕೆ ಸಿದ್ಧವಾಯಿತು. ಆರೂ ಜನರಿಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಪರದೆಯ ಹಿಂದೆ ಖಾಲಿ ಪೆಟ್ಟಿಗೆಗಳನ್ನು ಸುತ್ತಲೂ ಇಟ್ಟು, ಕೂತು, ಬಿಸಿ ಇರುವಾಗಲೇ ಉಂಡರು. ಗೂಟಣ್ಣ ಚಪ್ಪಲಿ ಬಿಟ್ಟು ಕಾಲು ಚಾಚಿದ. ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಸಲ ಹಾಡು ಪೂರ್ತಿ ಕೇಳಿದೆ ಅಂದ. ಟೇಪಕ್ಕ ಮರೆಯಲ್ಲಿ ನಿಂತು ಕಣ್ಣೊರೆಸಿಕೊಂಡಳು. ಅವಳ ಬದುಕಿನಲ್ಲಿ ಅಂಥ ದಿನಗಳು ಕೈಬೆರಳಿನಷ್ಟೂ ಇರಲಿಲ್ಲ.

ಅಂಥದು ನಾಲ್ಕು ತಿಂಗಳು ನಡೆಯಿತು.

ತಮ್ಮ ಬೆರಳು ತೋರಿಸಿದರೆ ಹಸ್ತ ನುಂಗುವವನು. ತೊಂಬತ್ತು ನಿಮಿಷ ಎಂಬ ಮಾತು ಅವನ ಬಾಯಿಗೆ ಸಿಕ್ಕಿತು. ಎಲ್ಲ ಸಭಾಂಗಣದವರ ಹತ್ತಿರವೂ ಅದೇ ಮಾತು. ಬೆಳಿಗ್ಗೆ ಒಂದು ಕಡೆ ಮುಗಿಸಿ ಮಧ್ಯಾಹ್ನ ಇನ್ನೊಂದು ಕಡೆ ಹಿಡಿದ. ಟೇಪಕ್ಕ ಕೇಳಿದರೆ ಒಂದೇ ಸಲ, ಬೇಡ ಅನ್ನಲಾಗದ ಪರಿಚಯದವರು ಎಂದ. ಮುಂದಿನ ವಾರವೂ ಬೇಡ ಅನ್ನಲಾಗದವರು ಸಿಕ್ಕಿದರು. ಎರಡು ತಿಂಗಳಲ್ಲಿ ದಿನಕ್ಕೆ ಎರಡು ಎಂಬುದು ಪದ್ಧತಿಯಾಯಿತು. ಆಮೇಲೆ ಅವನು ಆರು ಜನರಲ್ಲಿ ಇಬ್ಬರನ್ನು ಬಿಡಿಸಿದ. ನಿನ್ನ ವ್ಯವಸ್ಥೆ ಎಷ್ಟು ಚೆನ್ನಾಗಿದೆ ಅಂದರೆ ನಾಲ್ಕು ಜನ ಸಾಕಕ್ಕ ಎಂದು ಅದನ್ನೇ ಹೊಗಳಿಕೆಯಂತೆ ಹೇಳಿದ. ಉಳಿದವರು ಗೂಟಣ್ಣ, ಲಾರಿ ಓಡಿಸಿ ಹೊರೆಯನ್ನೂ ಎತ್ತುವ ಅವಳ ಗಂಡ, ಮತ್ತು ಎಲ್ಲಿ ಹೋದರೂ ಒಟ್ಟಿಗೇ ಹೋಗುವ ಇಬ್ಬರು ಅಣ್ಣತಮ್ಮಂದಿರು. ಇವರನ್ನು ಎಲ್ಲರೂ ಜೋಡೆತ್ತು ಎನ್ನುತ್ತಿದ್ದರು.

ಊಟ ಈಗ ಲಾರಿಯಲ್ಲಿ, ಓಡುವ ಲಾರಿಯಲ್ಲಿ. ಟೇಪಕ್ಕ ಜಗಳವಾಡಿದಳು. ಒಂದಲ್ಲ, ಹತ್ತು ಸಲ. ಪ್ರತಿ ಸಲ ತಮ್ಮ ನಕ್ಕು, ಮುಂದಿನ ತಿಂಗಳು ಸರಿಮಾಡೋಣ ಎಂದು ಅವಳ ಬೆನ್ನು ತಟ್ಟಿ ಹೋಗುತ್ತಿದ್ದ. ತಾನು ಎತ್ತಿ ಆಡಿಸಿದ ಕೂಸು ತನ್ನ ಬೆನ್ನು ತಟ್ಟುತ್ತದೆ ಎಂಬುದೇ ಅವಳಿಗೆ ಮೈ ಉರಿಸುತ್ತಿತ್ತು. ಕೈ ಕೆಸರಾದವರು ಒಂದು ಕಡೆ, ಬಾಯಿ ಮೊಸರಾದವನು ಇನ್ನೊಂದು ಕಡೆ.

ಗೂಟಣ್ಣ ಒಂದು ದಿನ ಪೆಟ್ಟಿಗೆಯ ಮೇಲೆ ಕೈಯೂರಿ ಉಸಿರು ಎಳೆದುಕೊಳ್ಳುತ್ತ ಹೇಳಿದ:

"ಟೇಪಕ್ಕ, ಮೊದ್ಲೇ ಚೆನ್ನಾಗಿತ್ತಮ್ಮ. ವೈರು ಕಳೆದುಹೋದಾಗ ಹುಡುಕೋ ನೆಪದಲ್ಲಾದ್ರೂ ಕೂತ್ಕೋತಿದ್ವಿ."

ಅವನು ತಮಾಷೆಗೆ ಹೇಳಿದ್ದು. ಜೋಡೆತ್ತು ಬಿದ್ದು ಬಿದ್ದು ನಕ್ಕರು. ಅವಳಿಗೆ ಮಾತ್ರ ಯಾರೋ ಕೆನ್ನೆಗೆ ಬಾರಿಸಿದಂತಾಯಿತು. ಅವರಿಗೆ ಕೊಡಬೇಕೆಂದು ಕೂಡಿಟ್ಟ ಹೊತ್ತೇ ಅವರ ಕತ್ತಿಗೆ ಉರುಳಾಗಿತ್ತು, ಆ ಹಗ್ಗ ಹೊಸೆದವಳು ತಾನು.

ಗೂಟಣ್ಣನ ಕಾಲು ಮುರಿದದ್ದು ಒಂದು ಶನಿವಾರ ಮಧ್ಯಾಹ್ನ, ಆ ದಿನದ ಎರಡನೇ ಕಾರ್ಯಕ್ರಮದಲ್ಲಿ. ಅದು ಊರಿನ ದೊಡ್ಡ ಸಭಾಂಗಣ. ಹಿಂದುಗಡೆ ಸಾಮಾನು ಇಳಿಸುವ ಕಟ್ಟೆಗೂ ಲಾರಿಗೂ ನಡುವೆ ಕಬ್ಬಿಣದ ಇಳಿಜಾರು ಹಲಗೆ ಹಾಕಿ ಪೆಟ್ಟಿಗೆಗಳನ್ನು ಉರುಳಿಸಬೇಕು. ಎಲ್ಲಕ್ಕಿಂತ ಭಾರದ್ದು ಬೇಸ್ ಸ್ಪೀಕರಿನ ಪೆಟ್ಟಿಗೆ. ಎರಡಾಳಿನ ತೂಕ, ಕೆಳಗೆ ಚಕ್ರ. ಒಬ್ಬರು ಮೇಲಿನಿಂದ ಎಳೆದು ಹಿಡಿಯಬೇಕು, ಇಬ್ಬರು ಕೆಳಗಿನಿಂದ ತಡೆಯಬೇಕು. ಮುಚ್ಚಳದ ಚಿತ್ರದಲ್ಲಿ ಮೂರು ಕಡ್ಡಿಗಳಿದ್ದವು. ಜೋಡೆತ್ತು ಒಳಗೆ ಸ್ಪೀಕರು ಏರಿಸುತ್ತಿದ್ದರು. ಟೇಪಕ್ಕ ವೇದಿಕೆಯ ಮೇಲೆ ಆಂಪ್ಲಿ ಬೀರುವಿನ ಮುಂದಿದ್ದಳು. ಅವಳ ಗಂಡ ಒಬ್ಬನೇ ಗೂಟಣ್ಣನ ಜೊತೆಗಿದ್ದ. ಅಷ್ಟರಲ್ಲಿ ತಮ್ಮ ಬಂದು, ಬೇರೆ ಗಾಡಿಯವರು ದಾರಿ ಕೇಳುತ್ತಿದ್ದಾರೆ, ಭಾವ ಹೋಗಿ ಅವರ ಹತ್ತಿರ ಮಾತಾಡಲಿ, ಗೂಟ ಅದೊಂದನ್ನು ಇಳಿಸಿಬಿಡಲಿ ಎಂದ.

ಗೂಟಣ್ಣ ಹೇಳಿದ ಕೆಲಸ ಬಿಟ್ಟವನಲ್ಲ.

ಸದ್ದು ಕೇಳಿದಾಗಲೇ ಟೇಪಕ್ಕನಿಗೆ ಯಾವ ಪೆಟ್ಟಿಗೆ ಎಂದು ಗೊತ್ತಾಯಿತು. ಓಡಿ ಬಂದು ನೋಡಿದರೆ ಪೆಟ್ಟಿಗೆ ಹಲಗೆಯ ಬುಡದಲ್ಲಿ ಓರೆಯಾಗಿ ಕೂತಿತ್ತು, ಅದಕ್ಕೂ ಕಟ್ಟೆಯ ಕಂಬಕ್ಕೂ ನಡುವೆ ಅವನ ಪಾದವಿತ್ತು. ಕೂಗುತ್ತಿರಲಿಲ್ಲ ಅವನು. ಮುಖ ಬೂದಿಯ ಬಣ್ಣವಾಗಿತ್ತು. ಅವಳೂ ಗಂಡನೂ ಪೆಟ್ಟಿಗೆ ಎತ್ತಿ ಸರಿಸಿದರು. ಪಾದ ಕಾಲಿನ ತುದಿಯಲ್ಲಿ ಇರಬಾರದ ದಿಕ್ಕಿಗೆ ತಿರುಗಿಕೊಂಡಿತ್ತು.

ತಮ್ಮ ಬಂದು ನೋಡಿದ. ಒಂದು ಕ್ಷಣ ಅವನ ಮುಖವೂ ಬಿಳಿಚಿತು, ಇಲ್ಲವೆನ್ನಲಾಗದು. ಆಮೇಲೆ ಗಡಿಯಾರ ನೋಡಿದ.

"ಭಾವ, ನೀವು ಗಾಡಿ ಹಿಡಿದು ಇವನನ್ನ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಅಕ್ಕಾ, ನಾಲ್ಕಕ್ಕೆ ಬಾಗಿಲು ತೆಗೀತಾರೆ."

ಅವಳು ಹಿಂತಿರುಗಿ ಹೋದಳು.

ಇದನ್ನು ಅವಳು ಆಮೇಲೆ ಯಾರಿಗೂ ಮುಚ್ಚಿಡಲಿಲ್ಲ, ತನ್ನನ್ನೂ ಮಾಫಿ ಮಾಡಿಕೊಳ್ಳಲಿಲ್ಲ. ಅವಳು ವೇದಿಕೆಗೆ ಹೋದಳು. ಕೆಂಪಿಗೆ ಕೆಂಪು, ನೀಲಿಗೆ ನೀಲಿ. ತಲೆಯಲ್ಲಿ ಏನೂ ಇರಲಿಲ್ಲ, ಕೈ ತಾನಾಗಿ ಓಡುತ್ತಿತ್ತು. ತಲೆ ಕೆಲಸ ಮಾಡದಿದ್ದರೂ ಕೈ ಮಾಡಬೇಕು ಎಂದೇ ಅಲ್ಲವೇ ಅದನ್ನೆಲ್ಲ ಹಾಗೆ ಜೋಡಿಸಿದ್ದು? ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಎಲ್ಲ ಸಿದ್ಧವಾಯಿತು. ಜನ ಬಂದರು, ಕೂತರು, ಚಪ್ಪಾಳೆ ತಟ್ಟಿದರು. ಕಾರ್ಯಕ್ರಮ ಚೆನ್ನಾಗಿತ್ತು ಎಂದರು.

ಆಸ್ಪತ್ರೆಯ ವರಾಂಡದಲ್ಲಿ ಗೂಟಣ್ಣನ ಹೆಂಡತಿ ಬೆಂಚಿನ ಮೇಲೆ ಕೂತಿದ್ದಳು. ಹೊಲಿಗೆಯ ಕೆಲಸದವಳು; ರವಿಕೆಯ ಎದೆಗೆ ಸಿಕ್ಕಿಸಿಕೊಂಡ ಸೂಜಿಗಳನ್ನು ತೆಗೆಯುವುದನ್ನೂ ಮರೆತು ಬಂದಿದ್ದಳು. ಎರಡು ಕಡೆ ಮುರಿದಿದೆ, ಕಬ್ಬಿಣ ಹಾಕಬೇಕಂತೆ, ಇನ್ನು ಭಾರ ಎತ್ತುವ ಹಾಗಿಲ್ಲವಂತೆ ಎಂದು ಟೇಪಕ್ಕನ ಗಂಡ ಹೇಳಿದ. ಟೇಪಕ್ಕ ಆಕೆಯ ಪಕ್ಕದಲ್ಲಿ ಕೂತಳು. ಆಕೆ ತುಸು ಸರಿದು ಕೂತಳು. ಗೋಡೆಯ ಕಡೆ ನೋಡುತ್ತ ಕೇಳಿದಳು:

"ನಿಮ್ಮ ಗಡಿಯಾರ ಸರಿಯಾಗಿ ಓಡ್ತಾ ಇದೆಯಾ?"



ಮಂಗಳವಾರ ಬೆಳಿಗ್ಗೆ ಗೋಡೌನಿಗೆ ಮೂರು ಜನ ಬಂದಿದ್ದರು. ಇಬ್ಬರು ಕಾರ್ಯಕ್ರಮ ನಡೆಸುವವರು. ಮೂರನೆಯವರು ಆ ದೊಡ್ಡ ಸಭಾಂಗಣದ ಮ್ಯಾನೇಜರಮ್ಮ, ಸೊಂಟದಲ್ಲಿ ಬೀಗದ ಕೈಗೊಂಚಲು ಸದ್ದು ಮಾಡುತ್ತ ನಡೆಯುವ ಐವತ್ತೈದರ ಹೆಂಗಸು. ತನ್ನ ಕಟ್ಟೆಯ ಮೇಲೆ ನಡೆದದ್ದೇನು ಎಂದು ವಿಚಾರಿಸಲು ಬಂದವರು. ತಮ್ಮ ಅವರಿಗೆ ಪೆಟ್ಟಿಗೆಗಳನ್ನು ತೋರಿಸುತ್ತಿದ್ದ. ಇದು ನಾನೇ ಕೂತು ಯೋಚನೆ ಮಾಡಿ ತಂದ ಪದ್ಧತಿ ಎಂದು ಹೇಳುತ್ತಿದ್ದುದು ಟೇಪಕ್ಕನಿಗೆ ಬಾಗಿಲಲ್ಲೇ ಕೇಳಿತು. ಅದು ಹೋಗಲಿ ಅಂದುಕೊಂಡಳು. ಅಂಥದನ್ನು ಅವಳು ನುಂಗಿ ಅರಗಿಸಿಕೊಂಡಿದ್ದಳು. ಅರಗದೆ ಹೋದದ್ದು ಮುಂದಿನ ಮಾತು.

"ನಮ್ಮವರು ಹೇಗೆ ಅಂದ್ರೆ, ಮೊನ್ನೆ ಒಬ್ಬನ ಕಾಲೇ ಮುರೀತು. ಆದ್ರೂ ಹತ್ತು ನಿಮಿಷ ಮುಂಚೆ ರೆಡಿ."

ಕಾಲು ಮುರಿದದ್ದನ್ನು ಅವನು ಜಾಹೀರಾತು ಮಾಡುತ್ತಿದ್ದ. ಟೇಪಕ್ಕ ಕೈಯಲ್ಲಿದ್ದ ಸುರುಳಿಗಳನ್ನು ಕೆಳಗಿಟ್ಟು ಅವರ ನಡುವೆ ಹೋಗಿ ನಿಂತಳು. ದನಿ ಏರಿಸಲಿಲ್ಲ. ಕಾಲು ಯಾಕೆ ಮುರಿಯಿತು ಎಂಬುದನ್ನೂ ಹೇಳು ಎಂದಳು. ಆಮೇಲೆ ತಾನೇ ಹೇಳಿದಳು: ಮೂವರು ಹಿಡಿಯಬೇಕಾದದ್ದನ್ನು ಒಬ್ಬನ ಕೈಗೆ ಕೊಟ್ಟದ್ದು, ಇಬ್ಬರನ್ನು ಬಿಡಿಸಿದ್ದು, ಬೆಳಗಿನಿಂದ ಅವನ ಹೊಟ್ಟೆಗೆ ಚಹಾ ಬಿಟ್ಟು ಏನೂ ಬಿದ್ದಿರದಿದ್ದದ್ದು. ತಮ್ಮ ನಕ್ಕ. ಅಕ್ಕ ಸ್ವಲ್ಪ ದಣಿದಿದ್ದಾಳೆ ಎಂದು ಬಂದವರಿಗೆ ವಿವರಿಸಿ, ಅವರನ್ನು ಮೆಲ್ಲನೆ ಬಾಗಿಲ ಕಡೆ ನಡೆಸಿಕೊಂಡು ಹೋದ. ಮ್ಯಾನೇಜರಮ್ಮ ಒಬ್ಬರೇ ಹಿಂತಿರುಗಿ, ಮುಚ್ಚಳದ ಚಿತ್ರವನ್ನೂ ಅವಳನ್ನೂ ಒಂದು ಸಲ ನೋಡಿದರು.

ಅವರು ಹೋದ ಮೇಲೆ ತಮ್ಮನ ನಗೆ ಕಳಚಿ ಬಿತ್ತು. ಬಂದವರ ಮುಂದೆ ಮಾನ ಕಳೆದೆ ಎಂದು ಶುರುಮಾಡಿದ. ಗೂಟ ತಪ್ಪಾಗಿ ಹಿಡಿದ, ಭಾವ ಬಿಟ್ಟು ಹೋಗಬಾರದಿತ್ತು, ವಯಸ್ಸಾದವನನ್ನು ಅಪ್ಪನ ಮುಖ ನೋಡಿ ಇಟ್ಟುಕೊಂಡದ್ದೇ ತಪ್ಪು ಎಂದು ತಪ್ಪನ್ನು ಎಲ್ಲರಿಗೂ ಹಂಚಿದ. ತನ್ನ ಪಾಲಿಗೆ ಮಾತ್ರ ಏನೂ ಇಟ್ಟುಕೊಳ್ಳಲಿಲ್ಲ.

"ಕಂಡವರ ಮಕ್ಕಳನ್ನ ಬಾವಿಗೆ ತಳ್ಳಿ ಆಳ ನೋಡ್ತಾ ಇದ್ದೀಯ ನೀನು," ಎಂದಳು ಟೇಪಕ್ಕ. "ಹಗ್ಗ ಹೊಸೆದುಕೊಟ್ಟೋಳು ನಾನು. ಅದಕ್ಕೇ ನನಗೆ ನಿನ್ನ ಮೇಲಿರೋ ಸಿಟ್ಟು ಸಾಲ್ತಾ ಇಲ್ಲ, ನನ್ನ ಮೇಲೂ ಬರ್ತಾ ಇದೆ."

ಭಾನುವಾರದ ಎರಡನೇ ಕಾರ್ಯಕ್ರಮಕ್ಕೆ ಯಾರೂ ಬರುವುದಿಲ್ಲ, ಆ ಜನರಿಗೆ ತೊಂದರೆಯಾಗದ ಹಾಗೆ ಬೇರೆ ಸೌಂಡಿನವರನ್ನು ನಾನೇ ಮಾತಾಡಿ ಗೊತ್ತುಮಾಡುತ್ತೇನೆ ಎಂದಳು. ಹಾಗೆ ಹೇಳಲು ನೀನು ಯಾರು ಎಂದು ಅವನು ಕೇಳಿದ. ಆಮೇಲೆ, ಕೂಗಾಡುತ್ತಿದ್ದವನು ಇದ್ದಕ್ಕಿದ್ದಂತೆ ತಣ್ಣಗಾಗಿ, ಒಂದು ಮಾತು ಹೇಳಿದ. ಅವಳಿಗೆ ಎಲ್ಲಕ್ಕಿಂತ ನೋವಾದದ್ದು ಅದರಿಂದ, ಯಾಕೆಂದರೆ ಅದು ನಿಜವಾಗಿತ್ತು.

"ಹೋಗೋದಾದ್ರೆ ಹೋಗಕ್ಕ. ನೀನಿಲ್ದೆ ನಡೆಯುತ್ತೆ. ಯಾರು ಬಂದ್ರೂ ಮಾಡೋ ಹಾಗಿರ್ಬೇಕು ಅಂತಾನೇ ಅಲ್ವಾ ನೀನು ಚಿತ್ರ ಬರೆದಿದ್ದು?"

ಅವಳು ಹೊರಟಳು. ಗಂಡ ಲಾರಿಯ ಬೀಗದ ಕೈಯನ್ನು ಮೇಜಿನ ಮೇಲಿಟ್ಟು ಹಿಂದೆ ಬಂದ. ಜೋಡೆತ್ತು ಬರಲಿಲ್ಲ. ಇಬ್ಬರೂ ನೆಲ ನೋಡುತ್ತ ನಿಂತರು. ಮನೆಯಲ್ಲಿ ಮಕ್ಕಳಿದ್ದಾರೆ ಎಂದು ದೊಡ್ಡವನು ಗೊಣಗಿದ. ಅವಳಿಗೆ ಅವರ ಮೇಲೂ ಸಿಟ್ಟು ಬಂತು. ಆ ಸಿಟ್ಟು ನ್ಯಾಯವಲ್ಲ ಎಂದು ಗೊತ್ತಿದ್ದೂ ಬಂತು.

ಭಾನುವಾರ ದಿನಗೂಲಿಯ ಮೂವರನ್ನೂ ಒಬ್ಬ ಡ್ರೈವರನ್ನೂ ಕರೆದುಕೊಂಡು ಎರಡೂ ಕಾರ್ಯಕ್ರಮ ಮಾಡಿದ ತಮ್ಮ. ಟೇಪಕ್ಕ ದಿನವಿಡೀ ಮನೆಯಲ್ಲಿ ಪಾತ್ರೆ ತಿಕ್ಕಿದಳು. ತಿಕ್ಕಿದ ಪಾತ್ರೆಗಳನ್ನೇ ಮತ್ತೆ ತಿಕ್ಕಿದಳು. ಫೋನು ಬರುತ್ತದೆ ಎಂದು ಕಾಯುತ್ತಿದ್ದಳು: ವೈರು ಸಿಗುತ್ತಿಲ್ಲ, ಮೈಕು ಮಾತಾಡುತ್ತಿಲ್ಲ, ಬಾ ಅಕ್ಕ. ಫೋನು ಬರಲಿಲ್ಲ. ಸಂಜೆ ಗಂಡ ಯಾರಿಂದಲೋ ಸುದ್ದಿ ತಂದ. ಅವರು ಆ ಪೆಟ್ಟಿಗೆಗಳನ್ನು ಹಿಂದೆಂದೂ ಕಂಡವರಲ್ಲ, ಆದರೂ ನೂರು ನಿಮಿಷಕ್ಕೆ ಎಲ್ಲ ಸಿದ್ಧವಾಯಿತಂತೆ. ಅವಳು ತಲೆ ಬಗ್ಗಿಸಿ ಕೂತಳು. ಎಲ್ಲ ಕೆಟ್ಟುಹೋಗಲಿ ಎಂದು ಬೆಳಗಿನಿಂದ ಹಾರೈಸಿದ್ದೆ ಎಂದು ಗಂಡನಿಗೆ ಹೇಳಿದಳು. ಅದು ತನಗೆ ಗೊತ್ತಿತ್ತು, ಪಾತ್ರೆಗಳಿಗೂ ಗೊತ್ತಿತ್ತು ಎಂದ ಅವನು. ಅವಳು ನಗಲಿಲ್ಲ.

ಮ್ಯಾನೇಜರಮ್ಮ ಮನೆ ಹುಡುಕಿಕೊಂಡು ಬಂದದ್ದು ಅದಾಗಿ ಹತ್ತು ದಿನಕ್ಕೆ. ಕುರ್ಚಿಯ ಮೇಲೆ ಕೂತವರೇ, ನನ್ನ ಕಟ್ಟೆಯ ಮೇಲೆ ರಕ್ತ ಬಿದ್ದದ್ದನ್ನು ನಾನೇ ನೀರು ಹಾಕಿ ತೊಳೆದೆ, ಅವತ್ತಿನಿಂದ ಊಟ ಸೇರುತ್ತಿಲ್ಲ ಎಂದರು. ಎರಡು ಕಾರ್ಯಕ್ರಮಗಳ ನಡುವೆ ಒಂದೂವರೆ ಗಂಟೆ ಸಾಕು ಎಂದು ನಿನ್ನ ತಮ್ಮ ಹೇಳಿದ, ನಾನೂ ಆಡಳಿತದವರೂ ಬಾಯಿ ಚಪ್ಪರಿಸಿ ಒಪ್ಪಿದೆವು, ಆಮೇಲೆ ಮಿಕ್ಕ ಸೌಂಡಿನವರಿಗೂ ಅದೇ ಹೊತ್ತು ಕೊಟ್ಟೆವು, ಅವರ ಆಳುಗಳೂ ಸಾಯುತ್ತಿದ್ದಾರೆ ಎಂದರು. ಸಭಾಂಗಣಕ್ಕೆ ವೇದಿಕೆ ಮತ್ತು ಕಟ್ಟೆ ನೋಡಿಕೊಳ್ಳಲು ಒಬ್ಬರು ಬೇಕು. ಬರುತ್ತೀಯಾ?

ಟೇಪಕ್ಕ ಹೂಂ ಎನ್ನುವ ಮೊದಲು ಒಂದು ಕಾಗದ ತೆಗೆದು ಬರೆದಳು. ಆಯ್ತಕ್ಕ ಎಂಬ ಬಾಯಿಮಾತಿನ ಬೆಲೆ ಅವಳಿಗೆ ಗೊತ್ತಾಗಿತ್ತು. ಎರಡು ಕಾರ್ಯಕ್ರಮಗಳ ನಡುವೆ ಮೂರು ಗಂಟೆ. ಇಳಿಜಾರಿನಲ್ಲಿ ಭಾರದ ಪೆಟ್ಟಿಗೆಗೆ ಮೂವರು, ಇಲ್ಲದಿದ್ದರೆ ಪೆಟ್ಟಿಗೆ ಲಾರಿಯಲ್ಲೇ ಇರಲಿ. ಹೊರೆಯಾಳುಗಳಿಗೆ ಹಿಂದಿನ ಕೋಣೆಯಲ್ಲಿ ಮೇಜು, ಬೆಂಚು, ನೀರು. ಅರ್ಧ ಗಂಟೆ ಕೂತು ಉಂಡ ಹೊರತು ವೇದಿಕೆ ಯಾರಿಗೂ ಒಪ್ಪಿಸುವುದಿಲ್ಲ. ಆಡಳಿತದವರು ಒಂದು ತಿಂಗಳು ಎಳೆದಾಡಿ, ಮ್ಯಾನೇಜರಮ್ಮ ಕೈಗೊಂಚಲನ್ನು ಮೇಜಿನ ಮೇಲೆ ಬಡಿದ ಮೇಲೆ ಸಹಿ ಹಾಕಿದರು.

ಗೂಟಣ್ಣನಿಗೂ ಅಲ್ಲಿ ಕೂತು ಮಾಡುವ ಕೆಲಸವಿದೆ ಎಂದು ಟೇಪಕ್ಕ ಹೊಲಿಗೆ ಅಂಗಡಿಯ ಮೇಲಿದ್ದ ಅವನ ಮನೆಗೆ ಹೇಳಲು ಹೋದಳು. ಅವನು ಕಾಲನ್ನು ಸ್ಟೂಲಿನ ಮೇಲಿಟ್ಟು ಹೆಂಡತಿಯ ಹೊಲಿಗೆಗೆ ಗುಂಡಿ ಹಾಕುತ್ತಿದ್ದ. ಬೇಡಮ್ಮ, ಪೆಟ್ಟಿಗೆ ಉರುಳುವ ಸದ್ದು ಕೇಳಿದರೆ ಈಗ ಬೆವರು ಬರುತ್ತದೆ ಎಂದ. ಅವಳನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದುಕೊಂಡು ಅವಳು ಎದ್ದಳು. ಹೆಂಡತಿ ಯಂತ್ರ ತುಳಿಯುವುದನ್ನು ನಿಲ್ಲಿಸಲಿಲ್ಲ.

ಹೊಸ ನಿಯಮಕ್ಕೆ ಸೌಂಡಿನವರೆಲ್ಲ ಉರಿದುಬಿದ್ದರು. ಬಾಗಿಲಲ್ಲಿ ನಿಂತು ಅವಳ ಜನ್ಮ ಜಾಲಾಡಿದರು. ಅವಳು ಅಷ್ಟೇ ಗಟ್ಟಿಯಾಗಿ ತಿರುಗಿ ಬೈದಳು. ಹೊಸ ಕೆಲಸದಲ್ಲಿ ಅವಳಿಗೆ ಬಲು ಹಿಡಿಸಿದ್ದು ಅದೇ. ತಮ್ಮ ಎರಡು ತಿಂಗಳು ಆ ಕಡೆ ತಲೆ ಹಾಕಲಿಲ್ಲ. ಆದರೆ ಊರಿಗೆ ದೊಡ್ಡ ಸಭಾಂಗಣ ಅದೊಂದೇ. ಒಂದು ಭಾನುವಾರ ಹನ್ನೆರಡಕ್ಕೆ ಅವನ ಲಾರಿ ಬಂದು ಕಟ್ಟೆಗೆ ಹಿಂಬದಿ ಕೊಟ್ಟು ನಿಂತಿತು. ಮೂರು ಗಂಟೆಗೆ ಕಾರ್ಯಕ್ರಮ. ಇಳಿದವರು ಜೋಡೆತ್ತು ಮತ್ತು ಡ್ರೈವರು. ಡ್ರೈವರನ್ನು ಯಾವುದೋ ವಸ್ತು ತರಲು ತಮ್ಮ ಕಳಿಸಿದ.

ಟೇಪಕ್ಕ ಕಟ್ಟೆಯ ತಲೆಯಲ್ಲಿ ಕುರ್ಚಿ ಹಾಕಿ ಕೂತಿದ್ದಳು. ಅವನು ಅವಳ ಮುಖ ನೋಡದೆ, ನನ್ನದು ತೊಂಬತ್ತು ನಿಮಿಷದ ಕೆಲಸ, ಅದು ಬೇರೆಯವರಿಗಿಂತ ನಿನಗೆ ಚೆನ್ನಾಗಿ ಗೊತ್ತು, ಮುಗಿಸಿಕೊಂಡು ಇನ್ನೊಂದು ಕಡೆ ಹೋಗಿ ಬರಬೇಕು, ಬಿಡು ಎಂದ.

"ತೊಂಬತ್ತು ನಿಮಿಷ ಅಂತ ಅಳತೆ ಮಾಡಿದ್ದೇ ನಾನು," ಎಂದಳು ಅವಳು. "ಮಿಕ್ಕ ತೊಂಬತ್ತು ನಿಂದಲ್ಲ, ಅವರದು. ಅವತ್ತೂ ಅವರದೇ ಆಗಿತ್ತು, ನೀನು ಕದ್ದೆ."

ಕದ್ದೆ ಎಂಬ ಮಾತಿಗೆ ಅವನ ಮುಖ ಕೆಂಪಾಯಿತು. ಲಾರಿಯ ಬಾಗಿಲಿಗೆ ಕೈಯಿಂದ ಗುದ್ದಿದ. ಅಪ್ಪ ಇದ್ದಿದ್ದರೆ ನಿನಗೆ ಬುದ್ಧಿ ಹೇಳುತ್ತಿದ್ದ ಎಂದ. ಅಪ್ಪ ಇದ್ದಿದ್ದರೆ ಗೂಟಣ್ಣನ ಮಂಚದ ಪಕ್ಕದಲ್ಲಿ ಕೂತಿರುತ್ತಿದ್ದ, ನೀನು ಇವತ್ತಿನವರೆಗೂ ಅಲ್ಲಿಗೆ ಹೋಗಿಲ್ಲ ಎಂದಳು. ಜೋಡೆತ್ತು ಎಲ್ಲಿ ನೋಡಬೇಕೆಂದು ತಿಳಿಯದೆ ಆಕಾಶ ನೋಡುತ್ತಿದ್ದರು.

ಬೇಸ್ ಪೆಟ್ಟಿಗೆ ಇಳಿಜಾರಿನ ತಲೆಗೆ ಬಂತು. ಡ್ರೈವರು ಇನ್ನೂ ಬಂದಿರಲಿಲ್ಲ. ಕೆಳಗೆ ತಡೆಯಲು ಒಬ್ಬನೇ ಇದ್ದ. ಟೇಪಕ್ಕ ಎದ್ದು ಬಂದು ಹಲಗೆಯ ನಡುವೆ ಕಾಲೂರಿ ನಿಂತಳು. ಮೂರನೆಯವರು ಬರುವವರೆಗೆ ಇದು ಇಳಿಯುವುದಿಲ್ಲ. ತಮ್ಮ ಗಡಿಯಾರ ನೋಡಿದ, ರಸ್ತೆ ನೋಡಿದ, ಅವಳನ್ನು ನೋಡಿದ. ಆಮೇಲೆ ಹಲ್ಲುಕಚ್ಚಿ ಏನೋ ಬೈಯುತ್ತ, ಬಿಳಿಯ ಅಂಗಿಯ ತೋಳು ಮಡಿಸಿ, ಕೆಳಗೆ ಹೋಗಿ ಪೆಟ್ಟಿಗೆಗೆ ಎದೆ ಕೊಟ್ಟ. ಮಿಕ್ಸರಿನ ಮುಂದೆ ಕೂತ ಮೇಲೆ ಅವನು ಪೆಟ್ಟಿಗೆ ಮುಟ್ಟಿದ್ದು ಅದೇ ಮೊದಲು. ಅರ್ಧ ಇಳಿಯುವಷ್ಟರಲ್ಲಿ ಅವನ ಕಾಲು ನಡುಗುವುದು ಅವಳಿಗೆ ಕಂಡಿತು. ಅದು ಎಷ್ಟು ಭಾರ ಎಂದು ಅವನಿಗೆ ನಿಜವಾಗಿಯೂ ಗೊತ್ತೇ ಇರಲಿಲ್ಲ.

ಒಂದೂವರೆಗೆ ವೇದಿಕೆ ಸಿದ್ಧವಾಯಿತು. ಜೋಡೆತ್ತು, ಡ್ರೈವರು ಹಿಂದಿನ ಕೋಣೆಯ ಬೆಂಚಿನ ಮೇಲೆ ಕೂತು ಉಂಡರು. ತಮ್ಮ ಅವರ ಜೊತೆ ಕೂರಲಿಲ್ಲ. ಬೇರೆಲ್ಲೂ ಹೋಗಲಾಗದೆ, ಮಾಡಲು ಬೇರೇನೂ ಇಲ್ಲದೆ, ಖಾಲಿ ಸಭಾಂಗಣದ ಸಾಲುಗಳ ನಡುವೆ ಅಡ್ಡಾಡಿದ. ಒಂದೊಂದು ಮೂಲೆಯಲ್ಲೂ ನಿಂತು ಕಿವಿಗೊಟ್ಟು, ಓಡಿ ಬಂದು ಮಿಕ್ಸರಿನಲ್ಲಿ ಕೂದಲೆಳೆಯಷ್ಟು ತಿರುಗಿಸಿ, ಮತ್ತೆ ಹೋಗಿ ನಿಂತ.

ಆ ಮಧ್ಯಾಹ್ನದ ಹಾಡುಗಾರಿಕೆ ಟೇಪಕ್ಕ ಕೊನೆಯ ಸಾಲಿನ ಹಿಂದೆ ಗೋಡೆಗೊರಗಿ ನಿಂತು ಕೇಳಿದಳು. ಹಾಡುವವಳು ಉಸಿರು ಎಳೆದುಕೊಂಡದ್ದೂ ಅಲ್ಲಿಯವರೆಗೆ ಬಂತು. ಇಷ್ಟು ವರ್ಷದಲ್ಲಿ ತಮ್ಮ ಇಷ್ಟು ಚೆನ್ನಾಗಿ ಮಾಡಿದ್ದನ್ನು ಅವಳು ಕೇಳಿರಲಿಲ್ಲ. ಕೇಳುತ್ತ ಕೇಳುತ್ತ ಅವಳ ಸಿಟ್ಟು ಇಳಿಯಬೇಕಿತ್ತು, ಇಳಿಯಲಿಲ್ಲ, ಏರಿತು. ಹೊತ್ತು ಸಿಕ್ಕಿದರೆ ಇಷ್ಟು ಮಾಡಬಲ್ಲವನು, ಆ ಹೊತ್ತನ್ನು ತನ್ನ ಕೈಯಿಂದಲೂ ಕಿತ್ತುಕೊಂಡಿದ್ದನಲ್ಲ ಎಂದು ಹೊಟ್ಟೆ ಉರಿಯಿತು.

ಆರಕ್ಕೆ ಸಾಮಾನು ತುಂಬಿ ಮುಗಿಯಿತು. ಲಾರಿ ಹೊರಡುವಾಗ ತಮ್ಮ ಕಿಟಕಿ ಇಳಿಸಿ, ಗೂಟಣ್ಣನ ಮನೆ ಈಗಲೂ ಆ ಹೊಲಿಗೆ ಅಂಗಡಿಯ ಮೇಲೇ ಇದೆಯಾ ಎಂದಷ್ಟೇ ಕೇಳಿದ. ಹೂಂ ಎಂದಳು. ಅವನು ಹೋಗುತ್ತಾನೋ ಇಲ್ಲವೋ ಅವಳಿಗೆ ಗೊತ್ತಿರಲಿಲ್ಲ. ಹೋದರೂ ತನ್ನ ಸಿಟ್ಟು ಆರುವುದಿಲ್ಲ ಎಂಬುದು ಗೊತ್ತಿತ್ತು. ಮುಂದಿನ ಕಾರ್ಯಕ್ರಮದವರ ಲಾರಿ ಆಗಲೇ ಗೇಟಿನ ಹೊರಗೆ ಹಾರನ್ ಹೊಡೆಯುತ್ತಿತ್ತು. ಇನ್ನೂ ನಿಮ್ಮ ಹೊತ್ತಾಗಿಲ್ಲ, ಇಳಿದು ಬಂದು ಚಹಾ ಕುಡಿಯಿರಿ ಎಂದು ಅವಳು ಕಟ್ಟೆಯಿಂದಲೇ ಗದರಿದಳು.